ಮುಖ್ಯ ಅತಿಥಿಗಳು ಬರುವ ತನಕ

ಶಾಲಾ ಕ್ರೀಡಾಕೂಟ: ಓದುಗರ ಪ್ರಶ್ನೆ, ನಿವೃತ್ತ ದೈಹಿಕ ಶಿಕ್ಷಕರ ಉತ್ತರ

ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆದರೆ ಸಾಕು, ಸುಣ್ಣದ ಪುಡಿಯ ಚೀಲ ಮೈದಾನಕ್ಕೆ ಬರುತ್ತದೆ. ಅದರ ಬೆನ್ನಿಗೇ ನನಗೆ ಪತ್ರಗಳೂ ಬರುತ್ತವೆ. ಈ ಸಲ ಬಂದವುಗಳಲ್ಲಿ ಮುಕ್ಕಾಲು ಪಾಲು ಬಿಸಿಲಿನ ಮೇಲಿನ ದೂರು, ಉಳಿದದ್ದು ಹೌಸ್‌ಗಳ ಜಗಳ. ನಾನು ಡಾಕ್ಟರಲ್ಲ, ಕರಾವಳಿಯಲ್ಲೂ ಬಯಲುಸೀಮೆಯಲ್ಲೂ ಮೂವತ್ತೊಂದು ವರ್ಷ ವಿಶಲ್ ಊದಿದವನು. ಆ ಅನುಭವದಿಂದ ಹೇಳಬಹುದಾದಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಮಗಳು ಎಂಟನೇ ತರಗತಿ. ಕಳೆದ ವಾರ ಕ್ರೀಡಾಕೂಟದ ದಿನ ಪಥಸಂಚಲನದ ಸಾಲಿನಲ್ಲಿ ನಿಂತಲ್ಲೇ ತಲೆ ತಿರುಗಿ ಬಿದ್ದಳು. ನೆರಳಿಗೆ ಒಯ್ದು ಮಲಗಿಸಿದ ಮೇಲೆ ಐದು ನಿಮಿಷದಲ್ಲಿ ಎದ್ದು ಕೂತಳಂತೆ. "ಬೆಳಿಗ್ಗೆ ತಿಂಡಿ ತಿಂದು ಬಂದಿರಲಿಕ್ಕಿಲ್ಲ" ಎಂದರು ಟೀಚರ್. ಎರಡು ದೋಸೆ ತಿಂದೇ ಹೋಗಿದ್ದಾಳೆ, ಬಡಿಸಿದವಳು ನಾನೇ. ದಿನಾ ಥ್ರೋಬಾಲ್ ಆಡುವವಳು, ಓಡುವಾಗ ಒಂದು ದಿನವೂ ಬಿದ್ದವಳಲ್ಲ. ಸುಮ್ಮನೆ ನಿಂತಾಗ ಯಾಕೆ ಬಿದ್ದಳು? ಇನ್ನು ಆಟಕ್ಕೆ ಕಳಿಸಬಹುದೇ?
— ಒಬ್ಬ ತಾಯಿ, ಸುರತ್ಕಲ್

ಉತ್ತರ: ದೋಸೆಯ ಲೆಕ್ಕ ಬಿಡಿ. ಮುಖ್ಯ ಅತಿಥಿಗಳು ಎಷ್ಟು ಗಂಟೆಗೆ ಬಂದರು, ಅದನ್ನು ಮಗಳ ಹತ್ತಿರ ಕೇಳಿ. ಕಾರ್ಡಿನಲ್ಲಿ ಒಂಬತ್ತು ಎಂದಿರುತ್ತದೆ. ಮಕ್ಕಳನ್ನು ಎಂಟೂವರೆಗೆ ಸಾಲು ಹಿಡಿಸುತ್ತೇವೆ. ಅತಿಥಿಗಳ ಕಾರು ಗೇಟಿಗೆ ಬರುವಾಗ ಹತ್ತು ದಾಟಿರುತ್ತದೆ.

ಓಡುವಾಗ ಬೀಳದವಳು ನಿಂತಾಗ ಬಿದ್ದಳು ಎಂದು ಬರೆದಿದ್ದೀರಿ. ಉತ್ತರ ಆ ಮಾತಿನಲ್ಲೇ ಇದೆ. ಸೆಕೆಗೆ ಮೈ ತಂಪು ಮಾಡಿಕೊಳ್ಳಲು ದೇಹ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸುತ್ತದೆ. ಅಲುಗದೆ ನಿಂತರೆ ಕಾಲಿಗೆ ಇಳಿದ ರಕ್ತ ಅಲ್ಲೇ ತಂಗುತ್ತದೆ. ಅದನ್ನು ಹೃದಯಕ್ಕೆ ಮೇಲೆತ್ತಿ ಕೊಡುವುದು ಮೀನಖಂಡದ ಸ್ನಾಯುಗಳ ಕೆಲಸ, ಅವು ಹಿಂಡಿಕೊಂಡರೆ ರಕ್ತ ಸಲೀಸಾಗಿ ಮೇಲೇರುತ್ತದೆ. ಓಡುವಾಗ, ನಡೆಯುವಾಗ ಆ ಪಂಪು ನಡೆಯುತ್ತಲೇ ಇರುತ್ತದೆ. 'ಸಾವಧಾನ್' ಎಂದು ಅರ್ಧ ಗಂಟೆ ನಿಲ್ಲಿಸಿದರೆ ಪಂಪು ಬಂದ್. ತಲೆಗೆ ರಕ್ತ ಸಾಲದೆ ಮಗು ಬೀಳುತ್ತದೆ. ಬಿದ್ದು ಅಡ್ಡವಾದ ಕೂಡಲೇ ರಕ್ತ ತಲೆಗೆ ಬಂದು ಕಣ್ಣು ಬಿಡುತ್ತದೆ. ನಿಮ್ಮ ಮಗಳಿಗೆ ಆದದ್ದು ಇಷ್ಟೇ ಎಂದು ಕಾಣುತ್ತದೆ. ಹಾಗೆ ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಬಾರದು. ಮಲಗಿಸಿ ಕಾಲನ್ನು ಚೀಲದ ಮೇಲೋ ಮಡಿಲಲ್ಲೋ ಎತ್ತರಕ್ಕೆ ಇಡಬೇಕು.

ಆಟಕ್ಕೆ ಖಂಡಿತ ಕಳಿಸಿ. ಆದರೆ ಓಡುತ್ತಿರುವಾಗಲೇ ಎಚ್ಚರ ತಪ್ಪಿದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಇದ್ದಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ. ಅದು ಬೇರೆ ಸಂಗತಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಎಲ್ಲ ತಾಯಂದಿರೂ ಟೀಚರುಗಳೂ ತಿಳಿದಿರಬೇಕು. ಬಿದ್ದ ಮಗು ಮಲಗಿಸಿದ ಮೇಲೂ ಸರಿಹೋಗುವುದಿಲ್ಲ; ಏನೇನೋ ಮಾತಾಡುತ್ತದೆ, ಹೆಸರು ಕೇಳಿದರೆ ತಡವರಿಸುತ್ತದೆ, ತೂರಾಡುತ್ತದೆ, ಮೈ ಕೆಂಡದಂತಿರುತ್ತದೆ. ಇದು ಬಿಸಿಲಿನ ಆಘಾತ. ದೇಹದೊಳಗಿನ ಉಷ್ಣ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. "ಬೆವರುತ್ತಿದ್ದಾನಲ್ಲ, ಏನೂ ಆಗಿಲ್ಲ" ಎಂದುಕೊಳ್ಳಬೇಡಿ, ಆಡುತ್ತಾ ಬಿದ್ದ ಮಕ್ಕಳು ಬೆವರುತ್ತಲೂ ಇರಬಹುದು. ಆಗ ಮೊದಲು ತಂಪು, ಆಮೇಲೆ ಆಸ್ಪತ್ರೆ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಬಕೆಟ್‌ಗಟ್ಟಲೆ ನೀರು ಸುರಿಯಿರಿ, ಐಸ್ ಇದ್ದರೆ ಮೈಗೆ ಒತ್ತಿ, ರಟ್ಟಿನಿಂದ ಗಾಳಿ ಹಾಕಿ. ಅಡುಗೆ ಮನೆಯ ದೊಡ್ಡ ಕೊಪ್ಪರಿಗೆಯಲ್ಲಿ ತಣ್ಣೀರು ತುಂಬಿ ತಲೆ ಹಿಡಿದುಕೊಂಡು ಮಗುವನ್ನು ಕೂರಿಸಿದರೆ ಇನ್ನೂ ಒಳ್ಳೆಯದು. ಬುದ್ಧಿ ಸ್ತಿಮಿತದಲ್ಲಿ ಇಲ್ಲದವರ ಬಾಯಿಗೆ ನೀರು ಹೊಯ್ಯಬೇಡಿ.

ಒಂದು ತಪ್ಪೊಪ್ಪಿಗೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೂ ಹೀಗೇ ಇನ್ನೂರು ಮಕ್ಕಳನ್ನು ಒಂದೂಕಾಲು ಗಂಟೆ ನಿಲ್ಲಿಸಿದ್ದೆ. ಧ್ವಜ ಹಿಡಿದ ಹುಡುಗನೇ ಮೊದಲು ಬಿದ್ದ, ಕಂಬದ ಸಮೇತ. ನಾನು ಓಡಿದ್ದು ಧ್ವಜದ ಕಡೆಗೆ.

ಪ್ರಶ್ನೆ: ಸರ್, ನಮ್ಮ ಕಡೆ ಬಿಸಲ ಭಾಳ. ಫೆಬ್ರುವರಿ ದಾಟಿತಂದ್ರ ಮೈದಾನದಾಗ ಕಾಲಿಡಾಕ ಆಗೂದಿಲ್ಲ, ಅದ್ರಾಗ ಅರ್ಧ ಹುಡುಗ್ರು ಬರಿಗಾಲು. ಕರಾವಳಿಯವರಿಗೆ 32 ಡಿಗ್ರಿಗೇ ಸೆಕೆ ಅಂತಾರ, ನಮಗ 38 ಅಂದ್ರ ಮಾಮೂಲಿ. ಎಷ್ಟು ಡಿಗ್ರಿ ಆದ್ರ ಆಟ ನಿಲ್ಲಸಬೇಕು ಅನ್ನೂದಕ್ಕ ಒಂದು ಲೆಕ್ಕ ಅದ ಏನು? ದಿನದ ವೇಳಾಪಟ್ಟಿ ಹ್ಯಾಂಗ ಹಾಕಬೇಕು?
— ದೈಹಿಕ ಶಿಕ್ಷಕರು, ಸಿಂಧನೂರು ತಾಲ್ಲೂಕು

ಉತ್ತರ: ಕರಾವಳಿಯವರನ್ನು ನೋಡಿ ನಗಬೇಡಿ ಮೇಷ್ಟ್ರೇ, ಅವರ 32 ನಿಮ್ಮ 38ಕ್ಕಿಂತ ಕೆಟ್ಟದ್ದಿರಬಹುದು. ಬೆವರು ಬಂದರೆ ಮೈ ತಂಪಾಗುವುದಿಲ್ಲ. ಬಂದ ಬೆವರು ಆರಿದರೆ ತಂಪಾಗುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಅದು ಆರುವುದೆಲ್ಲಿಗೆ? ಅಂಗಿ ಹಿಂಡಿದರೆ ನೀರು ಬರುತ್ತದೆ, ಮೈ ಮಾತ್ರ ಕುದಿಯುತ್ತಲೇ ಇರುತ್ತದೆ.

ಒಂದು ಪ್ರಯೋಗ ಮಾಡಿ. ಗೋಡೆಗೆ ಹಾಕುವ ಎರಡು ಮಾಮೂಲಿ ಥರ್ಮಾಮೀಟರ್ ತನ್ನಿ. ಒಂದರ ಬುಡಕ್ಕೆ ಹಳೇ ಪಂಚೆಯ ಚೂರು ಸುತ್ತಿ, ಅದರ ತುದಿ ನೀರಿನ ಲೋಟದಲ್ಲಿ ಅದ್ದಿರಲಿ. ಎರಡನ್ನೂ ಗಾಳಿಯಾಡುವ ನೆರಳಲ್ಲಿ ತೂಗುಹಾಕಿ. ಒಣ ಥರ್ಮಾಮೀಟರು ಹವೆ ಎಷ್ಟು ಬಿಸಿ ಎಂದು ಹೇಳುತ್ತದೆ. ಒದ್ದೆಯದು ಬೆವರು ಸುರಿಸಿ ಮೈ ಎಷ್ಟರ ಮಟ್ಟಿಗೆ ತಂಪಾದೀತು ಎಂದು ಹೇಳುತ್ತದೆ. ನಿಮ್ಮೂರಿನಲ್ಲಿ 38 ಡಿಗ್ರಿ, ತೇವಾಂಶ ಶೇ. 20 ಇರುವ ಹೊತ್ತಿಗೆ ಒದ್ದೆ ಥರ್ಮಾಮೀಟರು ಸುಮಾರು 21 ತೋರಿಸುತ್ತದೆ. ಕರಾವಳಿಯಲ್ಲಿ 32 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಅದೇ ಥರ್ಮಾಮೀಟರು 28ರಲ್ಲಿ ನಿಲ್ಲುತ್ತದೆ. ಆಡುವ ಮಗುವಿಗೆ ಈ ಎರಡನೇ ಅಂಕಿಯೇ ಮುಖ್ಯ.

ದೊಡ್ಡ ಕೂಟಗಳಲ್ಲಿ ಬಳಸುವ ಲೆಕ್ಕವೂ ಇದರ ಮೇಲೇ ನಿಂತಿದೆ. ಒದ್ದೆ ಥರ್ಮಾಮೀಟರಿನ ಅಂಕಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಲ್ಲಿ ಇಟ್ಟ ಕಪ್ಪು ಗೋಳದೊಳಗಿನ ಶಾಖಕ್ಕೆ ಎರಡು, ಒಣ ಥರ್ಮಾಮೀಟರಿಗೆ ಒಂದೇ ಪಾಲು. ಇದನ್ನು ಕಟ್ಟಿದ್ದು 1950ರ ದಶಕದ ಅಮೆರಿಕದಲ್ಲಿ. ತರಬೇತಿಗೆ ಬಂದ ಸೈನಿಕರು ಸೆಕೆಗೆ ಸಾಲು ಸಾಲಾಗಿ ಬೀಳುವುದನ್ನು ನೋಡಲಾರದೆ ಹುಡುಕಿದ ಲೆಕ್ಕ ಅದು. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾದದ್ದು ನಡುರಾತ್ರಿಯಲ್ಲಿ. ಬಿಸಿಲೇ ಇಲ್ಲ, ಆದರೂ ಓಡಲು ನಿಂತ 68 ಮಂದಿಯಲ್ಲಿ ಗುರಿ ಮುಟ್ಟಿದವರು 40. ಸಮುದ್ರದ ದಂಡೆಯ ತೇವ ಅಂಥದ್ದು.

ಹಾಗೆಂದು ನಿಮ್ಮ ಒಣ ಬಿಸಿಲು ಸಾಧುವೇನಲ್ಲ. ನಿಮ್ಮಲ್ಲಿ ಬೆವರು ಹರಿಯುವ ಮೊದಲೇ ಆರಿಹೋಗುತ್ತದೆ, ಮೈಯಿಂದ ಎಷ್ಟು ನೀರು ಹೋಯಿತೆಂದು ಹುಡುಗನಿಗೆ ತಿಳಿಯುವುದೇ ಇಲ್ಲ. ಕುತ್ತಿಗೆ ಮೇಲೆ ಉಪ್ಪಿನ ಬಿಳಿ ಗೆರೆ ಕಂಡರೆ ಕುಡಿಸಿ, ಕೂರಿಸಿ. ನೆಲದ ಬಿಸಿ ಇನ್ನೊಂದು ಕಾಟ. ಹವಾಮಾನದವರು ಅಳೆಯುವುದು ನೆರಳಿನ ಹವೆಯನ್ನು, ಮಕ್ಕಳು ಓಡುವುದು ಕಾದ ಮಣ್ಣಿನ ಮೇಲೆ. ನಿಮ್ಮ ಅಂಗೈಯ ಹಿಂಬದಿಯನ್ನು ಐದು ಸೆಕೆಂಡ್ ನೆಲಕ್ಕೆ ಒತ್ತಿ ಹಿಡಿಯಿರಿ. ನಿಮಗೆ ಆಗದಿದ್ದರೆ ಬರಿಗಾಲಿನ ಹುಡುಗನಿಗೂ ಆಗುವುದಿಲ್ಲ.

ಇನ್ನು ವೇಳಾಪಟ್ಟಿ. ನಾವೆಲ್ಲ ಇದನ್ನು ತಲೆಕೆಳಗು ಹಾಕುತ್ತೇವೆ. ಮೊದಲು ಪ್ರಾರ್ಥನೆ, ಸ್ವಾಗತ, ಕ್ರೀಡಾಜ್ಯೋತಿ, ಭಾಷಣ. ಆಮೇಲೆ 100 ಮೀಟರ್. ಜನ ಎದ್ದು ಹೋಗದಿರಲಿ ಎಂದು 1500 ಮೀಟರ್, ರಿಲೇ, ಹಗ್ಗ ಜಗ್ಗಾಟ ಎಲ್ಲ ಕೊನೆಗೆ, ನಡುನೆತ್ತಿಯ ಸೂರ್ಯನ ಕೆಳಗೆ. ಅತಿ ಹೆಚ್ಚು ಹೊತ್ತು ದುಡಿಸುವ ಆಟ ಅತಿ ಬಿಸಿ ಹೊತ್ತಿಗೆ! ತಿರುಗಿಸಿ ಹಾಕಿ. ಬೆಳಿಗ್ಗೆ 6.45ಕ್ಕೆ 1500 ಮತ್ತು 800 ಮೀಟರ್ ಓಡಿಸಿಬಿಡಿ. ಎಂಟರೊಳಗೆ ಕಬಡ್ಡಿ, ಖೋ ಖೋ. ಆಮೇಲೆ 100, 200 ಮೀಟರ್, ಓಡುವುದು ಅರ್ಧ ನಿಮಿಷ ತಾನೇ. ಗುಂಡು ಎಸೆತ, ಉದ್ದ ಜಿಗಿತ ಬೇವಿನ ಮರದ ಕಡೆಗೆ ಇರಲಿ, ಸರದಿ ಕಾಯುವವರು ನೆರಳಲ್ಲಿ ಕೂರುತ್ತಾರೆ. ಹತ್ತಕ್ಕೆ ಎಲ್ಲ ಮುಗಿಸಿ ಸಭಾಂಗಣಕ್ಕೋ ವರಾಂಡಕ್ಕೋ ನಡೆಯಿರಿ. ಅತಿಥಿಗಳು ಬಹುಮಾನ ಕೊಡಲು ಬರಲಿ, ಫ್ಯಾನಿನ ಕೆಳಗೆ ಎಷ್ಟು ಹೊತ್ತಾದರೂ ಮಾತಾಡಲಿ. ಕಲಬುರಗಿ, ಬೆಳಗಾವಿ ಕಡೆಯ ಜಿಲ್ಲೆಗಳಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಯ ವೇಳೆಯನ್ನೇ ಬೆಳಗಿನ ಎಂಟಕ್ಕೆ ಬದಲಿಸುವ ರೂಢಿಯಿದೆ. ಫ್ಯಾನಿನಡಿ ಕುರ್ಚಿಯಲ್ಲಿ ಕೂರುವ ಗುಮಾಸ್ತರಿಗೆ ಆ ವಿನಾಯಿತಿ ಇದೆ ಎಂದು ನಿಮ್ಮ ಮುಖ್ಯೋಪಾಧ್ಯಾಯರಿಗೆ ನೆನಪಿಸಿ.

ಸಾಧ್ಯವಿದ್ದರೆ ಇಡೀ ಕೂಟವನ್ನು ಡಿಸೆಂಬರ್‌ಗೆ ತನ್ನಿ. ಫೆಬ್ರುವರಿಗೆ ತಳ್ಳುವುದು ಅನುದಾನ, ಪರೀಕ್ಷೆ, ಅತಿಥಿಗಳ ಡೈರಿ ನೋಡಿ. ಆಕಾಶವನ್ನು ಯಾರೂ ನೋಡುವುದಿಲ್ಲ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸ್, ತುಂಗಾ ಹೌಸ್. ನಾಲ್ಕು ವರ್ಷದಿಂದ ನಮ್ಮ ಹೌಸೇ ಕೊನೆ. ಕಾವೇರಿ ಹೌಸಿನವರು ಪ್ರತಿ ಸಲ ಚಾಂಪಿಯನ್, ಯಾಕೆಂದರೆ ಹಾಸ್ಟೆಲ್ ಹುಡುಗಿಯರೆಲ್ಲ ಅವರಲ್ಲೇ ಇದ್ದಾರೆ. ಈಗ ನಮ್ಮ ಹೌಸಲ್ಲಿ ಯಾರೂ ಹೆಸರು ಕೊಡುವುದಿಲ್ಲ, "ಹೇಗೂ ಸೋಲ್ತೀವಿ" ಅಂತಾರೆ. ನಾನು ವೈಸ್ ಕ್ಯಾಪ್ಟನ್. ಏನು ಮಾಡಲಿ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪತ್ರ ಓದಿ ಖುಷಿಯಾಯಿತು ಮಾರಾಯ್ತಿ. ಸೋತವರು ಸಾಮಾನ್ಯವಾಗಿ ಅಂಪೈರನ್ನು ಬೈಯುತ್ತಾರೆ, ನೀನು ಪಟ್ಟಿಯನ್ನು ನೋಡಿದ್ದೀಯ.

ಹೌಸ್ ಅಂದರೆ ಮನೆ. ಇಂಗ್ಲೆಂಡಿನ ವಸತಿ ಶಾಲೆಗಳಲ್ಲಿ ಮಕ್ಕಳು ನಿಜಕ್ಕೂ ಉಂಡು ಮಲಗುತ್ತಿದ್ದ ಮನೆಗಳವು. ಒಂದು ಮನೆಯವರು ಇನ್ನೊಂದು ಮನೆಯವರ ಮೇಲೆ ಆಡುತ್ತಿದ್ದರು. ಆ ಪದ್ಧತಿ ಸಮುದ್ರ ದಾಟಿ ಬಂದಾಗ ಮನೆ ಅಲ್ಲೇ ಉಳಿಯಿತು, ಹೆಸರು ಮಾತ್ರ ಬಂತು. ನಾವು ಅದಕ್ಕೆ ನದಿಗಳ ಹೆಸರಿಟ್ಟೆವು, ಕೆಂಪು, ಹಸಿರು, ನೀಲಿ, ಹಳದಿ ಟೀ ಶರ್ಟ್ ಹೊಲಿಸಿದೆವು. ಮಕ್ಕಳು ಸಂಜೆ ನಾಲ್ಕೂವರೆಯ ಬಸ್ಸಿಗೆ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಹಾಗಾಗಿ ನಮ್ಮಲ್ಲಿ ಹೌಸ್ ಎಂದರೆ ಯಾರೋ ಆಫೀಸಿನಲ್ಲಿ ಕೂತು ಮಾಡಿದ ಪಟ್ಟಿ. ನಿಮ್ಮ ಶಾಲೆಯಲ್ಲಿ ಹಾಸ್ಟೆಲ್ಲಿನವರನ್ನೆಲ್ಲ ಒಂದೇ ಕಡೆ ಹಾಕಿ, ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸ ಮಾಡುವವರ ಎದುರು ಬಸ್ಸಿನಲ್ಲಿ ತೂಕಡಿಸುತ್ತ ಬರುವವರನ್ನು ನಿಲ್ಲಿಸಿದ್ದಾರೆ.

ಸರಿಯಾಗಿ ಹಂಚುವ ಉಪಾಯ ಒಂದು ಕಾಗದದಷ್ಟೇ. ತರಗತಿಯ ಹದಿನಾರು ಮಂದಿಯನ್ನು 50 ಮೀಟರ್ ಓಡಿಸಿ, ವೇಗದ ಪ್ರಕಾರ 1ರಿಂದ 16ರ ತನಕ ಬರೆದುಕೋ. ಮೊದಲ ನಾಲ್ವರನ್ನು ತುಂಗಾ, ಕಾವೇರಿ, ಕೃಷ್ಣಾ, ಶರಾವತಿ ಎಂದು ಎಡದಿಂದ ಬಲಕ್ಕೆ ಹಂಚು. ಮುಂದಿನ ನಾಲ್ವರನ್ನು ಬಲದಿಂದ ಎಡಕ್ಕೆ. ಮತ್ತೆ ಎಡದಿಂದ ಬಲ, ಮತ್ತೆ ಬಲದಿಂದ ಎಡ, ಗದ್ದೆಯಲ್ಲಿ ನೇಗಿಲು ತಿರುಗಿದ ಹಾಗೆ. ಈಗ ತುಂಗಾಕ್ಕೆ 1, 8, 9, 16 ಬಂದರು. ಕೂಡಿಸು, 34. ಕಾವೇರಿಗೆ 2, 7, 10, 15. ಅದೂ 34. ಉಳಿದೆರಡನ್ನು ನೀನೇ ಕೂಡಿಸಿ ನೋಡು. ಹುಡುಗರು, ಹುಡುಗಿಯರು, ಹಾಸ್ಟೆಲ್, ಮನೆ, ಹೀಗೆ ಬೇರೆ ಬೇರೆ ಪಟ್ಟಿ ಮಾಡಿ ಹಂಚಿದರೆ ಇನ್ನೂ ಚೊಕ್ಕ.

ಎರಡನೇ ರೋಗ ಅಂಕದ್ದು. ನಿಮ್ಮಲ್ಲಿ ಮೊದಲಿಗೆ 5, ಎರಡಕ್ಕೆ 3, ಮೂರಕ್ಕೆ 1 ಇರಬೇಕು. ಒಬ್ಬಳೇ ಮೂರು ಓಟ ಗೆದ್ದರೆ 15. ಉಳಿದ ಐವತ್ತು ಜನ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಹೆಸರು ಯಾಕೆ ಕೊಡುತ್ತಾರೆ ಹೇಳು? ನಾನು ಒಂದು ಶಾಲೆಯಲ್ಲಿ ಹೀಗೆ ಮಾಡಿದ್ದೆ. ಕೂಟಕ್ಕೆ ಮುಂಚಿನ ಎರಡು ವಾರ ಪಿ.ಟಿ. ಪೀರಿಯಡ್‌ನಲ್ಲಿ ಪ್ರತಿ ತರಗತಿಗೆ ಒಂದು ಗುರಿ. ಏಳನೆಯವರಿಗಾದರೆ ಉದ್ದ ಜಿಗಿತದ ಮರಳಿನ ಮೇಲೆ ಒಂದು ಹಗ್ಗ ಎಳೆದು, ಅದನ್ನು ದಾಟಿದವರ ಹೌಸಿಗೆ ತಲಾ ಒಂದು ಅಂಕ. ಹಗ್ಗವನ್ನು ನೂರರಲ್ಲಿ ಎಪ್ಪತ್ತು ಮಕ್ಕಳು ದಾಟುವ ಹಾಗೆ ಇಡಬೇಕು, ಗುಟ್ಟು ಅಷ್ಟೇ. ದಾಟದವರಿಗೆ ಮರುದಿನ ಮತ್ತೆ ಅವಕಾಶ. ಕೂಟದ ದಿನ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಪ್ರತಿ ಹೌಸಿಗೂ ನಲವತ್ತು ನಲವತ್ತೈದು ಅಂಕ ಇರುತ್ತಿತ್ತು. ಕೊನೇ ಬೆಂಚಿನ ಹುಡುಗಿಯನ್ನು ಕ್ಯಾಪ್ಟನ್ ಬೇಡಿಕೊಂಡು ಕರೆದುಕೊಂಡು ಬರುವುದನ್ನು ಆಗ ನೋಡಬೇಕಿತ್ತು.

ಇನ್ನೊಂದು ಗಮನಿಸು. ಜೂನ್‌ನಲ್ಲಿ ಹುಟ್ಟಿದವಳೂ ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವಳೂ ಒಂದೇ ತರಗತಿಯಲ್ಲಿ ಓಡುತ್ತಾರೆ, ನಡುವೆ ಹನ್ನೊಂದು ತಿಂಗಳ ಬೆಳವಣಿಗೆ. ಐದು ಆರನೇ ತರಗತಿಯಲ್ಲಿ "ಇವಳಿಗೆ ಓಟ ಬರಲ್ಲ" ಅನ್ನಿಸಿಕೊಂಡ ಎಷ್ಟೋ ಮಕ್ಕಳು ಬರೀ ಚಿಕ್ಕವರು.

ಈ ಎಲ್ಲವನ್ನೂ ಕಾಗದದಲ್ಲಿ ಬರೆದು, ನಾಲ್ಕೂ ಹೌಸಿನ ಕ್ಯಾಪ್ಟನ್‌ಗಳ ಸಹಿ ಹಾಕಿಸಿ ಪಿ.ಟಿ. ಸರ್‌ಗೆ ಕೊಡು. ಕಾವೇರಿಯವಳು ಸಹಿ ಹಾಕಲು ಒಪ್ಪದಿದ್ದರೆ, "ಯಾವಾಗಲೂ ಗೆಲ್ಲುವುದು ಬೇಜಾರಲ್ಲವಾ?" ಎಂದು ಕೇಳಿ ನೋಡು.

ಪ್ರಶ್ನೆ: ಪ್ರಾಕ್ಟೀಸ್‌ಗೆ ಹೋಗುವಾಗ ಮಗಳ ಬಾಟಲಿಗೆ ಏನು ಹಾಕಿ ಕೊಡಬೇಕು? ಗ್ಲೂಕೋಸ್ ಪುಡಿ, ಓಆರ್‌ಎಸ್, ಎಳನೀರು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಣ್ಣನ ಮಗ ಎನರ್ಜಿ ಡ್ರಿಂಕ್ ಕ್ಯಾನ್ ಕುಡಿದು ಫುಟ್‌ಬಾಲ್ ಆಡುತ್ತಾನೆ. ಇವಳು ತೆಗೆದುಕೊಂಡು ಹೋದ ನೀರನ್ನು ಹಾಗೇ ವಾಪಸ್ ತರುತ್ತಾಳೆ.
— ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದ ಶುರುಮಾಡುತ್ತೇನೆ. ಹುಡುಗಿಯರು ನೀರನ್ನು ವಾಪಸ್ ತರುವುದಕ್ಕೆ ಕಾರಣ ಬಾಯಾರಿಕೆ ಇಲ್ಲದ್ದಲ್ಲ, ಶಾಲೆಯ ಶೌಚಾಲಯ. ಚಿಲಕ ಇಲ್ಲ, ನೀರಿಲ್ಲ, ಅಥವಾ ಕ್ರೀಡಾಕೂಟದ ದಿನ ಬೀಗ. ಕುಡಿದರೆ ಹೋಗಬೇಕಾಗುತ್ತದೆ ಎಂದು ಕುಡಿಯುವುದೇ ಇಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಸಲೆಂದೇ ಗಂಟೆ ಬಾರಿಸುವ ಪದ್ಧತಿ ಸುದ್ದಿಯಾಗಿ ನಮ್ಮಲ್ಲೂ 'ವಾಟರ್ ಬೆಲ್' ಬಂತು. ಒಳ್ಳೆಯದೇ. ಆದರೆ ಶೌಚಾಲಯದ ಬಾಗಿಲು ಸರಿಮಾಡಿಸದೆ ಗಂಟೆ ಮಾತ್ರ ಬಾರಿಸಿದರೆ ಹುಡುಗಿಯರು ಬಾಟಲಿ ಎತ್ತಿ ಕುಡಿದಂತೆ ನಟಿಸುತ್ತಾರೆ, ನಾನೇ ಕಂಡಿದ್ದೇನೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ಮಾತನ್ನು ಎತ್ತಿ. ಗಂಡಸರು ತಾವಾಗಿ ಎತ್ತುವುದಿಲ್ಲ.

ಬಾಟಲಿಗೆ: ಒಂದು ಗಂಟೆಯೊಳಗಿನ ಆಟಕ್ಕೆ ಬರೀ ನೀರು ಸಾಕು. ಇಡೀ ಬೆಳಗು ಬೆವರುವ ದಿನ ಉಪ್ಪು ಹಾಕಿದ ನೀರು ಮಜ್ಜಿಗೆ, ಇಲ್ಲವೇ ಉಪ್ಪು, ಸಕ್ಕರೆ ಬೆರೆಸಿದ ನಿಂಬೆ ಪಾನಕ. ಎಳನೀರು ರುಚಿ, ಅದರಲ್ಲಿ ಪೊಟ್ಯಾಸಿಯಂ ಧಾರಾಳ. ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ, ಜೊತೆಗೆ ಉಪ್ಪಿನ ತಿಂಡಿ ಏನಾದರೂ ಇರಲಿ. ಗ್ಲೂಕೋಸ್ ಪುಡಿ ಎಂದರೆ ಸಕ್ಕರೆಯ ತಮ್ಮ, ಅದರಿಂದ ಉಪ್ಪಿನ ಕೊರತೆ ತೀರುವುದಿಲ್ಲ.

ಓಆರ್‌ಎಸ್ ಇರುವುದು ವಾಂತಿಭೇದಿಗೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್‌ನಲ್ಲಿ ಉಪ್ಪು, ಗ್ಲೂಕೋಸ್ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಆಟದಲ್ಲಿ ತುಂಬಾ ಬಸವಳಿದ ಮಗುವಿಗೂ ಕೊಡಬಹುದು. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಅಂದಾಜಿಗೆ ಬೇಡ, ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿಬಿಡಿ. ಅಣ್ಣನ ಮಗನಿಗೆ ಕ್ಯಾನಿನ ಹಿಂದಿನ ಸಣ್ಣಕ್ಷರ ಓದಲು ಹೇಳಿ. ಮಕ್ಕಳಿಗೆ ಸಲ್ಲದು ಎಂದು ಮಾರುವವರೇ ಅಚ್ಚು ಹಾಕಿಸಿದ್ದಾರೆ, ಕೆಫೀನ್ ಇರುವುದರಿಂದ.

ಒಳ್ಳೆಯದೆಂದು ಲೀಟರ್‌ಗಟ್ಟಲೆ ಬರೀ ನೀರು ಒತ್ತಾಯದಿಂದ ಕುಡಿಸುವುದೂ ಅಪಾಯ, ರಕ್ತದ ಸೋಡಿಯಂ ಕುಸಿಯುತ್ತದೆ. ಬಾಯಾರಿದಾಗ ಕುಡಿಯಲಿ, ಬೇಕೆಂದಾಗ ನೀರು ಸಿಗಲಿ.

ಪ್ರಶ್ನೆ: ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಬಳಿ ಮಟ್ಟದ ಪಂದ್ಯ ನಡೆಸುವಾಗ ಮಧ್ಯಾಹ್ನದ ಮೇಲೆ ಗುಡುಗು ಶುರು. ಮಳೆ ಬರುವ ತನಕ ಆಡಿಸುತ್ತೇವೆ. ಸರಿಯೇ?
— ಮುಖ್ಯ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸರಿಯಲ್ಲ. ಸಿಡಿಲು ಮಳೆಯ ಜೊತೆಗೇ ಬರಬೇಕೆಂದಿಲ್ಲ, ಮುಂಚೆಯೂ ಬರುತ್ತದೆ, ಮಳೆ ಬಿಟ್ಟ ಮೇಲೂ ಬರುತ್ತದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದು ಅರ್ಥ. ಸ್ಕೋರು ಎಷ್ಟೇ ಇರಲಿ, ವಿಶಲ್ ಊದಿ ಎಲ್ಲರನ್ನೂ ಕಾಂಕ್ರೀಟ್ ಕಟ್ಟಡದೊಳಗೆ ಕಳಿಸಿ. ಬಸ್ಸಿದ್ದರೆ ಬಸ್ಸೂ ಆದೀತು. ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಹೊರಗೆ ಬಿಡಬೇಡಿ.

ಶಾಮಿಯಾನ ಸಿಡಿಲಿಗೆ ಆಸರೆಯಲ್ಲ, ಅದರ ಕಬ್ಬಿಣದ ಕಂಬಗಳು ಬಯಲಿನಲ್ಲಿ ಎತ್ತರಕ್ಕೆ ನಿಂತಿರುತ್ತವೆ. ಆಲದ ಮರವೂ ಅಲ್ಲ. ಧ್ವಜಸ್ತಂಭದ ಕಟ್ಟೆಯ ಮೇಲೆ ಮಕ್ಕಳು ಕೂರುವ ಅಭ್ಯಾಸ ಇದ್ದರೆ ಎಬ್ಬಿಸಿ. ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರುಮಾಡಬೇಕು. ನಿಮ್ಮ ಶಿಕ್ಷಕರಲ್ಲಿ ಇಬ್ಬರಿಗಾದರೂ ಅದು ಗೊತ್ತಿರಲಿ.

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ವರ್ಗವಾಗಿ ಬಂದಿದ್ದೇವೆ. ಮಗ ಅಲ್ಲಿ ಕ್ರಾಸ್ ಕಂಟ್ರಿ ಓಡುತ್ತಿದ್ದ, ಇಲ್ಲಿ ಎರಡು ಸುತ್ತಿಗೇ ಸುಸ್ತು. ಸೋಮಾರಿಯಾದನೇ?
— ಬ್ಯಾಂಕ್ ನೌಕರ, ಮಂಗಳೂರು

ಉತ್ತರ: ಇಲ್ಲ, ಹೊಸಬನಾಗಿದ್ದಾನೆ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ತಂಪು ಹವೆಯಲ್ಲಿ ಬೆಳೆದ ದೇಹಕ್ಕೆ ಸೆಕೆ ಕಲಿಯಲು ಒಂದರಿಂದ ಎರಡು ವಾರ ಬೇಕು, ಅದೂ ದಿನಾ ಸ್ವಲ್ಪ ಸ್ವಲ್ಪ ಬೆವರಿದರೆ. ಕಲಿತ ದೇಹ ಬೇಗ ಬೆವರಲು ಶುರುಮಾಡುತ್ತದೆ, ಬೆವರಿನಲ್ಲಿ ಉಪ್ಪು ಉಳಿಸಿಕೊಳ್ಳುತ್ತದೆ. ಮೊದಲ ವಾರ ಅರ್ಧ ಓಟ. ಎ.ಸಿ. ಕೋಣೆಯಲ್ಲಿ ಕೂತರೆ ಕಲಿಯುವುದಿಲ್ಲ. ದಸರೆಗೆ, ಬೇಸಿಗೆಗೆ ಅಜ್ಜಿಮನೆಗೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗಿ ಮೂರು ನಾಲ್ಕು ವಾರ ಇದ್ದು ಬಂದರೆ ಮರೆತಿರುತ್ತದೆ, ಮತ್ತೆ ಮೊದಲಿಂದ ಶುರು. ಜ್ವರದಿಂದ ಎದ್ದ ಮೇಲೂ ಹಾಗೇ. ಎದ್ದ ಮರುದಿನ "ಟೀಮಿಗೆ ಬೇಕು" ಎಂದು ಯಾರು ಕರೆದರೂ ಕಳಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಶಾಲೆಯ ಕೆಸರಿನ ಅಂಕಣದಲ್ಲೇ ಕಬಡ್ಡಿ. ಮಗನ ಮೊಣಕಾಲು ಸದಾ ಕಿತ್ತಿರುತ್ತದೆ. ಬಿಡಿಸಲೇ?
— ಕೃಷಿಕ, ಬೈಂದೂರು

ಉತ್ತರ: ಗದ್ದೆಯ ಕೆಸರಿನಲ್ಲಿ ಆಡಿ ಬೆಳೆದವರು ನಾವು, ಬಿಡಿಸಿ ಎಂದು ನಾನು ಹೇಗೆ ಹೇಳಲಿ. ಆದರೆ ನಮ್ಮ ಕಡೆ ಇಲಿ ಜ್ವರ ಇದೆ. ಇಲಿ ಮೂತ್ರ ಸೇರಿದ ನೀರು, ಕೆಸರು ಕಿತ್ತ ಗಾಯದ ಮೂಲಕ ಒಳಗೆ ಹೋಗುತ್ತದೆ. ಗಾಯ ಇರುವ ದಿನ ಆಡುವುದು ಬೇಡ, ಆಡಿದ ಮೇಲೆ ಸೋಪು ಹಚ್ಚಿ ತೊಳೆಯಲಿ. ಒಂದೆರಡು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ "ಕೆಸರಿನಲ್ಲಿ ಆಡಿದ್ದಾನೆ" ಎಂದು ನೀವಾಗಿ ಹೇಳಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ನೋಡಿಕೊಳ್ಳಿ.

ಪ್ರಶ್ನೆ: ತಲೆನೋವು ಅಂದರೆ ಪಿ.ಟಿ. ಪೀರಿಯಡ್‌ಗೆ ರಜೆ ಸಿಗುತ್ತಾ ಸರ್?
— ಹೆಸರು ಬೇಡ, ಏಳನೇ 'ಬಿ'

ಉತ್ತರ: ನನ್ನ ಹತ್ತಿರ ಸಿಗುತ್ತಿತ್ತು. ಬಿಸಿಲಲ್ಲಿ ತಲೆನೋವು ಎಂದ ಹತ್ತು ಮಕ್ಕಳಲ್ಲಿ ಒಂಬತ್ತು ಸುಳ್ಳು ಹೇಳುತ್ತವೆ, ಹತ್ತನೆಯದು ಯಾವುದೆಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ.

ಪ್ರಶ್ನೆ: ಮಗ ಸ್ವಲ್ಪ ದಪ್ಪ. ಯಾವ ಆಟಕ್ಕೂ ಅವನ ಹೆಸರು ಬರೆದುಕೊಳ್ಳುವುದಿಲ್ಲ. ಕ್ರೀಡಾಕೂಟದ ದಿನವೆಲ್ಲ ಬಯಲಲ್ಲಿ ಕೂತು ಹೌಸಿಗೆ ಚಪ್ಪಾಳೆ ತಟ್ಟಬೇಕು. ಸಂಜೆ ಕೆಂಪಾಗಿ ಬರುತ್ತಾನೆ. ಆ ದಿನ ರಜೆ ಹಾಕಿಸುವುದೇ ವಾಸಿಯಲ್ಲವೇ?
— ತಂದೆ, ಹುಬ್ಬಳ್ಳಿ

ಉತ್ತರ: ರಜೆ ಹಾಕಿಸಬೇಡಿ. ಓಡುವವನು ಹದಿನೈದು ಸೆಕೆಂಡ್ ಬಿಸಿಲಲ್ಲಿದ್ದು ನೆರಳಿಗೆ ಬರುತ್ತಾನೆ, ನೋಡುವವನು ಐದು ಗಂಟೆ ಕೂತಿರುತ್ತಾನೆ ಎನ್ನುವುದು ನಿಜ. ಶಾಮಿಯಾನ ಒಂದೇ ಇದ್ದರೆ ಅದು ಮಕ್ಕಳ ಮೇಲಿರಬೇಕು. ಅತಿಥಿಗಳಿಗೆ ವರಾಂಡ ಇದೆ. ಇದನ್ನು ಕೇಳಿದರೆ ಶಾಲೆಯವರಿಗೆ ಸಿಟ್ಟು ಬರುತ್ತದೆ, ಆದರೂ ಕೇಳಿ. ತಿಳಿ ಬಣ್ಣದ ಹತ್ತಿ ಅಂಗಿ, ಅಂಚು ಅಗಲದ ಟೋಪಿ ಕೊಟ್ಟು ಕಳಿಸಿ, ಹೌಸಿನ ಬಣ್ಣಕ್ಕೆ ತೋಳಿಗೊಂದು ಪಟ್ಟಿ ಸಾಕು.

ಮತ್ತೆ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ, "ಟೈಮ್‌ಕೀಪರ್ ಬೇಕೇ?" ಎಂದು ಕೇಳಿ. ಯಾವಾಗಲೂ ಬೇಕು. ನನ್ನಲ್ಲಿ ಇಂಥ ಒಬ್ಬ ಹುಡುಗ ಇದ್ದ, ಮೂರು ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದ. ಒಂದು ಸ್ಟಾಪ್‌ವಾಚ್ ಅವನ ಕೈಗಿಟ್ಟೆ. ಕ್ಲ್ಯಾಪರ್‌ನ ಸದ್ದು ಕೇಳಿ ಗುಂಡಿ ಒತ್ತಬಾರದು, ಹಲಗೆ ಕೂಡುವುದನ್ನು ಕಣ್ಣಲ್ಲಿ ನೋಡಿ ಒತ್ತಬೇಕು. ನೂರು ಮೀಟರ್ ಆಚೆಯಿಂದ ಸದ್ದು ಬರುವಷ್ಟರಲ್ಲಿ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ ಎಂದು ಹೇಳಿಕೊಟ್ಟೆ. ಮೂರು ಗಡಿಯಾರ ಮೂರು ತೋರಿಸಿದರೆ ನಡುವಿನದನ್ನು ಹಿಡಿಯಬೇಕು ಎಂದೂ ಹೇಳಿದೆ. ಎರಡನೇ ವರ್ಷ ತಾಲ್ಲೂಕು ಮಟ್ಟದಲ್ಲಿ ಒಂದು ಓಟದ ಸಮಯವನ್ನು ನಾನು ಜೋರಾಗಿ ಓದಿದೆ. ಅವನು ನನ್ನ ಅಂಗಿ ಜಗ್ಗಿ ಕಿವಿಯಲ್ಲಿ, "ಸರ್, ಅದು ಹೋದ ಹೀಟ್‌ನದ್ದು, ನೀವು ವಾಚ್ ಸೊನ್ನೆ ಮಾಡಿಲ್ಲ" ಎಂದ.